ದುಂಡಗಾದ ಒಳಮೂಲೆ

“ಉಸಿರು ಬಿಡಬೇಡಿ,” ಎಂದರು ಉಸಿರಪ್ಪ.

ಬಿಡಲಿಲ್ಲ. ಬಿಟ್ಟವರಿಗೆ ಏನಾಗುತ್ತದೆಂದು ಬೆಳಿಗ್ಗೆಯೇ ಕಂಡಿದ್ದೆ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತ ಸೇಲ್ಸ್ ವಿಭಾಗದವನಿಗೆ ಆದ ಮಂಗಳಾರತಿ ಕೆಳಗಿನ ಬೀದಿಯವರೆಗೂ ಕೇಳಿಸಿರಬೇಕು. ಗಡಿಯಾರ ಜೋಡಿಸುತ್ತಲೇ ತಲೆ ನರೆತ ಮನುಷ್ಯ ಇವರು. ಗಡಿಯಾರದ ಹೊಟ್ಟೆ ತೆರೆದಿರುವಾಗ ಯಾರ ಬಾಯಿಂದಲೂ ಹಬೆ ಬರಕೂಡದು ಎನ್ನುವುದು ಅವರ ಕಾನೂನು, ಅದಕ್ಕೇ ಆ ಹೆಸರು.

ಚಿಮಟದ ತುದಿಯಲ್ಲಿ ಉಗುರಿನಗಲದ ಒಂದು ಉಕ್ಕಿನ ಪಟ್ಟಿ ಮೇಲೆ ಬಂತು. ಇವರೆಲ್ಲ ಅದನ್ನು ಬ್ರಿಡ್ಜ್ ಎನ್ನುತ್ತಾರೆ. ಕೆಳಗಿರುವ ಚಕ್ರಗಳು ಅತ್ತಿತ್ತ ಕದಲದಂತೆ ಹಿಡಿದಿಡುವುದು ಅದರ ಕೆಲಸ. ಮೂರು ದಿನದಿಂದ ಈ ಗಡಿಯಾರ ಕಾರ್ಖಾನೆಯ, ಇವರ ಮಾತಿನಲ್ಲಿ ಈ ‘ಮನೆ’ಯ, ನಿದ್ದೆ ಕೆಡಿಸಿರುವುದೂ ಅದೇ.

ಮನೆಯನ್ನು ಕಟ್ಟಿದ ಹಿರಿಯರ ನೆನಪಿಗೆಂದು ತಂದ ವಿಶೇಷ ಆವೃತ್ತಿಯ ಕೈಗಡಿಯಾರ ಇದು. ಇದನ್ನು ಕೊಂಡ ಸಂಗ್ರಾಹಕರು, ಊರೆಲ್ಲ ಭೂತಗನ್ನಡಿ ಎಂದು ಕರೆಯುವವರು, ತಿರುಗಿ ತಂದು ಮೇಜಿನ ಮೇಲಿಟ್ಟು ಒಂದೇ ಮಾತು ಹೇಳಿದ್ದರು: “ಕೈಕೆಲಸ ಅಂತ ಹೇಳಿ ಮಷೀನ್ ಕೆಲಸ ಕೊಟ್ಟಿದ್ದೀರಿ.”

ಇಷ್ಟಕ್ಕೆ ಇಷ್ಟೊಂದು ಗಲಾಟೆಯೇ ಎಂದು ನನಗೂ ಮೊದಲು ನಗು ಬಂದಿತ್ತು. ಆದರೆ ಆ ಮನುಷ್ಯ ಹೇಳಿದ್ದು ಕೇಳಿ: “ಟೈಮ್ ನೋಡೋಕೆ ನನ್ನ ಹತ್ರ ಫೋನ್ ಇದೆ ಮೇಡಂ. ಇದನ್ನ ತಗೊಂಡಿದ್ದು ಕೈ ನೋಡೋಕೆ.” ಅವರು ಗಡಿಯಾರ ಸಿಕ್ಕಿದ ಕೂಡಲೇ ಮುಖ ನೋಡುವವರಲ್ಲ. ಮಗುಚಿ, ಬೆನ್ನಿನ ಗಾಜಿನಿಂದ ಬ್ರಿಡ್ಜ್‌ನ ಅಂಚು ನೋಡುತ್ತಾರೆ. ಅಂಚನ್ನು ಓರೆಯಾಗಿ ತೀಡಿದ ಪಟ್ಟೆ ಎರಡು ಕಡೆಯಿಂದ ಬಂದು ಒಳಮುಖವಾಗಿ ಕೂಡುವ ಜಾಗವೇ ಒಳಮೂಲೆ. ಮಷೀನಿನ ತಿರುಗುವ ಮೊನೆ ದುಂಡಗಿರುವುದರಿಂದ ಅಲ್ಲಿಗೆ ಹೋಗಿ ದುಂಡಗೇ ಬಿಟ್ಟು ಬರುತ್ತದೆ. ಸೂಜಿಯ ಹಾಗೆ ಚೂಪಾಗಿ ಕೂಡಿಸುವುದು ಉಕ್ಕು ತೇಯುವ ಅರ ಹಿಡಿದ ಕೈಗೆ ಮಾತ್ರ ಸಾಧ್ಯ. ಈ ಗಡಿಯಾರದ ಒಳಮೂಲೆ ದುಂಡಗಿತ್ತು.

ಒಂದು ಗಡಿಯಾರಕ್ಕೆ ಒಂದೇ ಕೈ ಎನ್ನುವುದು ಈ ಮನೆಯ ಕ್ರಮ. ಈ ಗಡಿಯಾರಕ್ಕೆ ಹೊಳಪು ಕೊಟ್ಟ ಕೈ ಅಕ್ಕನದು. ಅಕ್ಕ ಎಂದರೆ ಯಜಮಾನರ ಒಡಹುಟ್ಟಿದ ಅಕ್ಕ. ಈಗ ಕಾರ್ಖಾನೆಗೆಲ್ಲ ಅಕ್ಕ. ತಂದೆಯ ಪಕ್ಕದಲ್ಲಿ ಕೂತು ಕಲಿತ ಮೇಜಿನಲ್ಲೇ ಇಂದಿಗೂ ಕೂರುತ್ತಾರೆ. ಈ ಮೂಲೆ ತಮ್ಮದಲ್ಲವೆಂದು ಆಣೆ ಮಾಡಿದ್ದಾರೆ. ಮಧ್ಯಾಹ್ನ ಭೂತಗನ್ನಡಿ ತಮ್ಮ ಸಂಗ್ರಾಹಕರ ಬಳಗವನ್ನು ಕರೆದುಕೊಂಡು ಬರುತ್ತಾರೆ. ಆ ಬ್ರಿಡ್ಜ್ ಅಕ್ಕನ ಕೆಲಸವೆಂದು ಸಾಬೀತಾದರೆ ಅಕ್ಕ ಆ ಮೇಜು ಬಿಟ್ಟು ಏಳಬೇಕು, ಇಷ್ಟು ವರ್ಷದ ಹೆಸರು ಮಸಿಯಾಗುತ್ತದೆ.

ಹೊರಗಿನವರಿಂದ ತನಿಖೆ ಆಗಲೇಬೇಕೆಂದು ಹಟ ಹಿಡಿದವರು ಭೂತಗನ್ನಡಿ. ನನ್ನನ್ನು ನೇಮಿಸಿದವರು ಯಜಮಾನರು.

“ನಾನು ಜೋಡಿಸ್ದಾಗ ಈ ಮೂಲೆ ಚೂಪಾಗಿತ್ತು,” ಎಂದರು ಉಸಿರಪ್ಪ, ತುಟಿ ಅಲುಗಿಸದೆ. “ದೇವರಾಣೆ ಇದು ಆ ಬ್ರಿಡ್ಜ್ ಅಲ್ಲ.”

“ನೀವು ಅಕ್ಕನ ಪಕ್ಷ. ನಿಮ್ಮ ಮಾತು ಯಾರು ನಂಬ್ತಾರೆ?”

“ಯಾರೂ ನಂಬಲ್ಲ. ಅದಕ್ಕೇ ನಿಮ್ಮೆದುರು ಬಿಚ್ತಿರೋದು.”

“ಮಗುಚಿ ಹಾಕಿ ನೋಡೋಣ.”

ಅವರು ಪಟ್ಟಿಯನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿದರು. ನಾನು ಲೆನ್ಸ್ ಕಣ್ಣಿಗೆ ಸಿಕ್ಕಿಸಿಕೊಂಡು ಬಾಗಿದೆ. ನನಗೆ ಈ ಕಸುಬು ಬಾರದು, ಆದರೆ ಮೂರು ದಿನ ಇವರ ನಡುವೆ ಓಡಾಡಿ ಕಣ್ಣಿಗೂ ಅವರ ಚಾಳಿ ಸ್ವಲ್ಪ ಅಂಟಿತ್ತು. ಕೆಳಭಾಗದಲ್ಲಿ ಸ್ಕ್ರೂ ಹೋಗುವ ತೂತುಗಳ ಸುತ್ತಲಿನ ಪುಟ್ಟ ಬಟ್ಟಲುಗಳು ಒಂದು ಓರೆಯಲ್ಲಿ ಶಾಯಿಯಷ್ಟು ಕಪ್ಪು, ಕಾಗದ ತಿರುಗಿಸಿದರೆ ಕಣ್ಣು ಕುಕ್ಕುವಷ್ಟು ಬಿಳಿ. ಮರದ ಕಡ್ಡಿಯ ತುದಿಗೆ ವಜ್ರದ ಪುಡಿ ಹಚ್ಚಿ, ದಿನಗಟ್ಟಲೆ ಉಜ್ಜಿದರೆ ಮಾತ್ರ ಬರುವ ಹೊಳಪು ಅದು. ಗಡಿಯಾರ ಮುಚ್ಚಿದ ಮೇಲೆ ಯಾರಿಗೂ ಕಾಣಿಸದ ಜಾಗ.

ಕಾಣಿಸುವ ಮೂಲೆಯನ್ನು ಮಷೀನಿಗೆ ಬಿಟ್ಟು, ಕಾಣಿಸದ ತೂತಿಗೆ ಯಾರು ಜೀವ ತೇಯುತ್ತಾರೆ? ಮುಖ ತೊಳೆಯದೆ ಅಂಗಾಲಿಗೆ ಅತ್ತರು ಹಚ್ಚಿಕೊಂಡ ಹಾಗಾಯಿತು.

“ಇದು ಮಷೀನಲ್ಲ ಅಲ್ವಾ?” ಎಂದೆ.

ಉಸಿರಪ್ಪ ಚಿಮಟ ಕೆಳಗಿಟ್ಟರು. ಅವರ ಮುಖದ ರಕ್ತ ಇಳಿದುಹೋಗಿತ್ತು. ಒಳ್ಳೆಯ ಕೆಲಸ ಕಂಡು ಮಾತು ಹೊರಡದೆ ನಿಂತರೆಂದು ನಾನು ಎಣಿಸಿದೆ. ಆ ಕ್ಷಣವೇ ಅವರ ಕೊರಳಪಟ್ಟಿ ಹಿಡಿದು ಕೇಳಬೇಕಿತ್ತು, ಕೇಳಲಿಲ್ಲ.

ನನ್ನ ತಲೆ ಬೇರೆ ಕಡೆ ಓಡಿತ್ತು. ಭೂತಗನ್ನಡಿ ತಂದಾಗ ಮುಚ್ಚಳದ ಮುದ್ರೆ ಒಡೆದಿರಲಿಲ್ಲ. ಅಂದರೆ ಬ್ರಿಡ್ಜ್ ಬದಲಾದದ್ದು ಈ ಮನೆಯೊಳಗೇ, ಮುದ್ರೆ ಬೀಳುವ ಮೊದಲೇ. ಉಸಿರಪ್ಪ ಜೋಡಿಸಿದ ಮೇಲೆ ಗಡಿಯಾರ ಹೋಗುವುದು ಒಬ್ಬರ ಕೈಗೆ. ಕೊನೆಯ ಸಲ ಪರೀಕ್ಷಿಸಿ ಮುಚ್ಚಳ ಹಾಕಿ ಮುದ್ರೆ ಒತ್ತುವುದು ಹಿಂದೆ ತಂದೆ ಮಾಡುತ್ತಿದ್ದ ಕೆಲಸ, ಈಗ ಯಜಮಾನರದು. ಅವರೂ ಚಿಕ್ಕಂದಿನಲ್ಲಿ ಅದೇ ತಂದೆಯ ಬಳಿ ಅರ ಹಿಡಿದವರೇ, ಆಮೇಲೆ ಮಹಡಿಯ ಆಫೀಸಿಗೆ ಏರಿದವರು. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ನನಗೆ ಖಾತ್ರಿಯಾಯಿತು. ನನ್ನನ್ನು ನೇಮಿಸಿದವರನ್ನೇ ಹಿಡಿಯಬೇಕೆಂದರೆ ಸಾಕ್ಷಿ ಬೇಕು, ಸಾಕ್ಷಿ ಇಲ್ಲದಿದ್ದರೆ ಮಾತು ಅವರ ಬಾಯಿಂದಲೇ ಬರಬೇಕು.

“ಇದ್ರ ಬಗ್ಗೆ ತುಟಿ ಪಿಟಕ್ ಅನ್ಬೇಡಿ,” ಎಂದೆ.

“ನಾನು ಯಾವತ್ತು ಅಂದಿದ್ದೀನಿ?” ಎಂದರು ಉಸಿರಪ್ಪ. ಅವರ ದನಿಯೂ ಎಂದಿನಂತಿರಲಿಲ್ಲ.

ಹೊಳಪಿನ ಕೋಣೆಗೆ ಹೋಗಬೇಕಾದರೆ ಬಾಗಿಲಲ್ಲಿ ಅಂಟುವ ಚಾಪೆ ತುಳಿದು, ಬಿಳಿ ಕೋಟು ತೊಟ್ಟು, ಕೂದಲು ಮುಚ್ಚಿಕೊಳ್ಳಬೇಕು. ಉದ್ದಕ್ಕೂ ಕಿಟಕಿ, ಎದೆಯೆತ್ತರದ ಮೇಜುಗಳು. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಅರ ಉಜ್ಜುವ ಸದ್ದು ಇಲಿ ಕಡಿದಂತೆ ಸಣ್ಣಗೆ ಕೇಳುತ್ತಿರುತ್ತದೆ. ಇಂದು ಉಳಿದವರನ್ನೆಲ್ಲ ಊಟಕ್ಕೆ ಕಳಿಸಿದ್ದರು.

ಅಕ್ಕ ತಮ್ಮ ಮೇಜಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ದಪ್ಪ ಕನ್ನಡಕ, ಬೆರಳ ತುದಿಗಳಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ತಮ್ಮ, ಅಂದರೆ ನಮ್ಮ ಯಜಮಾನರು, ಕಿಟಕಿಯ ಬಳಿ ನಿಂತು ಅಂಗಳದ ಗೇಟನ್ನೇ ನೋಡುತ್ತಿದ್ದರು.

“ಬಂದ್ರಾ ಮೇಡಂ? ಅವರೂ ಇನ್ನೇನು ಬಂದ್ಬಿಡ್ತಾರೆ,” ಎಂದರು. “ಏನಾದ್ರೂ ಸಿಕ್ತಾ?”

“ಸಿಕ್ತು. ನೀವಿಬ್ರೂ ಒಂದ್ಸಲ ನೋಡಿ.”

ಕಾಗದವನ್ನು ಮೇಜಿನ ಮೇಲಿಟ್ಟೆ. ಬ್ರಿಡ್ಜ್ ಬೋರಲಾಗಿಯೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವರ ವಿಷಯದಲ್ಲಿ ಕಳ್ಳ ಎಂದರೆ ಸಾಲದು, ಕೆಲಸ ಕೆಟ್ಟದು ಎನ್ನಬೇಕು. ಕಳ್ಳನೆಂಬ ಮಾತನ್ನು ಹೊಟ್ಟೆಗೆ ಹಾಕಿಕೊಂಡಾರು, ಕೈ ಕೆಟ್ಟದೆಂದರೆ ಸಹಿಸಲಾರರು. ಈ ಮೂರು ದಿನದಲ್ಲಿ ನಾನು ಕಲಿತದ್ದು ಅದೊಂದೇ.

“ಬ್ರಿಡ್ಜ್ ಬದಲಾಯಿಸಿದವನು ಇದರ ಕೆಳಗೂ ಹೊಳಪು ಹಾಕಿದ್ದಾನೆ,” ಎಂದೆ. “ಕೆಲಸ ಏನೋ ಪರವಾಗಿಲ್ಲ. ಆದ್ರೆ ಅವಸರದ ಕೈ. ಆ ದೊಡ್ಡ ತೂತಿನ ಪಕ್ಕ ಒಂದು ಗೀರು ಬಿಟ್ಟಿದ್ದಾನೆ.”

ಗೀರು ಇರಲಿಲ್ಲ. ಆ ಕೈ ಅವರದಾದರೆ ಸುಳ್ಳು ಗೀರನ್ನು ಸಹಿಸಲಾರರೆಂದು ನಾನು ಕಣ್ಣಿಟ್ಟದ್ದು ಯಜಮಾನರ ಮುಖದ ಮೇಲೆ. ಅವರು ಬಂದು, ಲೆನ್ಸ್ ಹಾಕಿ, ಬಾಗಿ, ಸ್ವಲ್ಪ ಹೊತ್ತು ನೋಡಿದರು.

“ಹೌದು. ಗೀರಿದೆ,” ಎಂದರು.

ನಾನು ಪೆಚ್ಚಾದೆ. ಇಲ್ಲದ ಗೀರು ಈ ಮನುಷ್ಯನಿಗೆ ಕಾಣಿಸಿತ್ತು! ಬಲೆ ಬೀಸಿದವಳ ಕಾಲಿಗೇ ಬಲೆ ಸುತ್ತಿಕೊಂಡಿತು ಎಂದುಕೊಳ್ಳುವಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಕ್ಕ ಎದ್ದು ಬಂದು ತಮ್ಮನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಬಾಗಿದರು.

“ಎಲ್ಲಿದೆ ಗೀರು?”

“ಆ ದೊಡ್ಡ ತೂತಿನ—”

“ಎಲ್ಲಿದೆ ಅಂತ ಕೇಳ್ದೆ. ಬೆರಳಿಟ್ಟು ತೋರಿಸಿ.” ಅಕ್ಕ ಕಾಗದವನ್ನು ಬೆಳಕಿಗೆ ತಿರುಗಿಸಿದರು. ಕಪ್ಪು ಬಿಳಿಯಾಯಿತು, ಬಿಳಿ ಕಪ್ಪಾಯಿತು. “ಇದ್ರಲ್ಲಿ ಕೂದಲೆಳೆಯಷ್ಟು ಗೀರಿದ್ರೆ ಇವತ್ತೇ ಈ ಕೋಟು ಕಳಚಿಟ್ಟು ಮನೆಗೆ ಹೋಗ್ತೀನಿ. ನಾನು ಗೀರು ಬಿಡೋಳಲ್ಲ. ಪುಟ್ಟಾ, ನಿಂಗೇನಾಗಿದೆ? ಗೀರಿದೆ ಅಂತೀಯಲ್ಲ, ಅಪ್ಪ ಇದನ್ನೇನಾ ನಿಂಗೆ ಕಲಿಸಿದ್ದು?”

ತಾನು ಏನು ಹೇಳಿದೆನೆಂದು ಅಕ್ಕನಿಗೆ ಇನ್ನೂ ಹೊಳೆದಿರಲಿಲ್ಲ. ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಉಸಿರಪ್ಪ ತಲೆ ತಗ್ಗಿಸಿದರು. ಅವರು ಆಗಲೇ ಗುರುತು ಹಿಡಿದಿದ್ದರು. ಅಕ್ಕನ ಕೈ ಅವರಿಗಲ್ಲದೆ ಯಾರಿಗೆ ಗೊತ್ತಿರುತ್ತದೆ?

“ಅಕ್ಕಾ,” ಎಂದೆ, “ಹಾಗಾದ್ರೆ ಈ ಕೆಲಸ ನಿಮ್ದಾ?”

“ನಂದೇ. ಮತ್ಯಾರದ್ದು?” ಎಂದವರು, ಚಿಮಟದಿಂದ ಪಟ್ಟಿಯನ್ನು ಮಗುಚಿದರು. ದುಂಡಗಾದ ಒಳಮೂಲೆ ಮೇಲೆ ಬಂತು. ಭೂತಗನ್ನಡಿ ಗಾಜಿನ ಹಿಂದೆ ತೋರಿಸಿದ್ದ, ತಮ್ಮದಲ್ಲವೇ ಅಲ್ಲ ಎಂದು ಅವರು ಆಣೆ ಮಾಡಿದ್ದ ಅದೇ ಮೂಲೆ. ಅಕ್ಕ ಅದನ್ನು ನೋಡಿದರು. ಮತ್ತೆ ಮಗುಚಿದರು. ಇನ್ನೊಂದು ಸಲ ನೋಡಿದರು.

“ಇದು…” ಎಂದರು. “ಪುಟ್ಟಾ. ಇದು ನಾನು ನಿಂಗೆ ಕೊಟ್ಟಿದ್ದು.”

ಯಜಮಾನರು ಕಿಟಕಿಯ ಕಡೆ ತಿರುಗಿದರು.

“ಯಾವಾಗ ಕೊಟ್ರಿ?” ಎಂದೆ.

“ನಮ್ಮಲ್ಲಿ ಕೆಳಮುಖ ಮೊದ್ಲು ಮುಗಿಸ್ತೀವಿ, ಅಂಚು ಆಮೇಲೆ. ಅಪ್ಪನ ಕ್ರಮ. ಇದ್ರದ್ದು ಕೆಳಗಡೆ ಮುಗ್ಸಿ ಇಟ್ಟಿದ್ದೆ. ಇವನು ಮಹಡಿಯಿಂದ ಇಳಿದು ಬಂದ. ‘ಅಕ್ಕಾ, ಕೈ ಮರ್ತುಹೋಗಿದೆ, ಒಂದು ಕೊಡು, ಅಂಚು ತೀಡಿ ನೋಡ್ತೀನಿ’ ಅಂದ.” ಅಕ್ಕನ ಮುಖದಲ್ಲಿ ಇನ್ನೂ ಆ ದಿನದ ಹಿಗ್ಗು ಉಳಿದಿತ್ತು. “ಎಷ್ಟು ವರ್ಷ ಆದ್ಮೇಲೆ ಕೇಳ್ದ ಗೊತ್ತಾ ನಿಮ್ಗೆ? ಆವತ್ತು ನಂಗೆ ಕಾಲು ನೆಲಕ್ಕೆ ಹತ್ಲಿಲ್ಲ. ಕಲಿಯೋಕೆ ಅಂತ ಕೆಟ್ಟಿರೋದನ್ನ ಕೊಡ್ತಾರೆ, ನಾನು ಚೆನ್ನಾಗಿರೋದನ್ನೇ ಕೊಟ್ಟೆ. ನನ್ನ ಗಡಿಯಾರಕ್ಕೆ ಇನ್ನೊಂದು ಮಾಡ್ಕೊಂಡೆ.”

ಇಂಥವರಿಂದ ಮಾತ್ರ ಆಗುವ ತಪ್ಪು ಅದು.

“ನೀವು ಅಂಚು ತೀಡ್ಲಿಲ್ಲ,” ಎಂದೆ ಯಜಮಾನರಿಗೆ.

ಅವರು ಕಿಟಕಿಯಿಂದ ತಿರುಗದೆಯೇ ಹೇಳಿದರು: “ಮಷೀನ್ ಮಾರೋರ ಹತ್ರ ಕೊಟ್ಟೆ. ಅವರು ಅಂಚು ಕೊರೆದುಕೊಟ್ರು. ಒಂದೇ ಒಂದು ಗಡಿಯಾರಕ್ಕೆ ಹಾಕಿ ನೋಡೋಣ ಅಂತ. ಮುದ್ರೆ ಒತ್ತೋ ಮೊದ್ಲು ನಾನೇ ಬಿಚ್ಚಿ ಹಾಕ್ದೆ.”

“ಯಾಕೋ?” ಎಂದರು ಅಕ್ಕ.

“ಯಾಕೆ ಅಂದ್ರೆ? ಆ ಮೂಲೆ ತೆಗೆಯೋರು ನಿನ್ನ ಬಿಟ್ರೆ ಈ ಮನೇಲಿ ಒಬ್ರಿಲ್ಲ. ವರ್ಷಕ್ಕೊಂದ್ಸಲ ನಿನ್ನ ಕನ್ನಡಕ ದಪ್ಪ ಆಗ್ತಿದೆ. ಇಷ್ಟು ಜನರ ಅನ್ನ ನಿನ್ನೆರಡು ಕಣ್ಣಿನ ಮೇಲೆ ನಿಂತಿದೆ ಅಕ್ಕಾ, ನಂಗೆ ಹೆದರಿಕೆ ಆಗಲ್ವಾ? ಯಾರೂ ಗುರುತಿಸ್ದೇ ಇದ್ರೆ ನಿಂಗೂ ಬಿಡುವು ಸಿಗುತ್ತೆ ಅಂದ್ಕೊಂಡೆ. ಇದು ನಿನ್ನ ಹೆಸರಿಗೆ ಬರುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ.”

“ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ಯಾ?”

“ಹೂಂ.”

“ಗೊತ್ತಾಯ್ತಲ್ಲ,” ಎಂದರು ಅಕ್ಕ.

ಅಳುತ್ತಾರೆ, ಇಲ್ಲವೇ ತಮ್ಮನ ಕೆನ್ನೆಗೆ ಬಾರಿಸುತ್ತಾರೆ ಎಂದು ನಾನು ಕಾದಿದ್ದೆ. ಅಕ್ಕ ನಕ್ಕರು. ಅಂಥ ನಗುವನ್ನು ನಾನು ಯಾವ ತನಿಖೆಯಲ್ಲೂ ಕಂಡಿಲ್ಲ. “ಗೊತ್ತಾಯ್ತಲ್ಲೋ ಪುಟ್ಟಾ. ಗಾಜಿನ ಹಿಂದೆ, ಸಾಸಿವೆ ಕಾಳಿನಷ್ಟು ಜಾಗ. ಆ ಮನುಷ್ಯ ಹುಡುಕಿ ಹಿಡಿದ. ನೋಡೋರು ಇದ್ದಾರೆ ಕಣೋ, ನಾವು ಮಾಡಿದ್ದನ್ನ ನೋಡೋರು ಇದ್ದಾರೆ.”

ನನ್ನ ಹೆಸರಿಗೆ ಕುತ್ತು ತಂದವನನ್ನು ನಾನಾಗಿದ್ದರೆ ಹೊಗಳುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ, ಅವರ ಮುಂದೆ ನಿಂತದ್ದಕ್ಕೇ ನನಗೂ ಹೆಮ್ಮೆಯೆನಿಸಿತು, ಅದನ್ನು ಮುಚ್ಚಿಡುವುದೇಕೆ?

“ಅಕ್ಕ ಮಾಡಿದ ಬ್ರಿಡ್ಜ್ ಎಲ್ಲಿ?” ಎಂದೆ ಯಜಮಾನರಿಗೆ. “ಗಡಿಯಾರದಿಂದ ನೀವು ತೆಗೆದಿದ್ದು?”

ಅವರ ಮುಖ ಮತ್ತಷ್ಟು ಕಪ್ಪಿಟ್ಟಿತು. “ಅದು ನನ್ನ ಹತ್ರಾನೇ…”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಭೂತಗನ್ನಡಿಯವರ ದನಿ ಎಲ್ಲರಿಗಿಂತ ಮುಂದೆ ಬಂತು. ಹಿಂದೆ ಅವರ ಬಳಗ, ಒಬ್ಬೊಬ್ಬರೂ ಅಂಟುವ ಚಾಪೆ ತುಳಿದು, ಒಲ್ಲದ ಮನಸ್ಸಿನಿಂದ ಬಿಳಿ ಕೋಟು ತೊಟ್ಟು ಒಳಗೆ ಬಂದರು. ಎಲ್ಲರ ಕೊರಳಲ್ಲೂ ಲೆನ್ಸ್ ತೂಗುತ್ತಿತ್ತು. ಈ ವಿಶೇಷ ಆವೃತ್ತಿಯ ಒಂದೊಂದು ಗಡಿಯಾರ ಎಲ್ಲರ ಕೈಯಲ್ಲೂ ಇತ್ತು.

“ಹೇಳಿ ಮೇಡಂ,” ಎಂದರು ಭೂತಗನ್ನಡಿ. “ಇದು ಯಾರ ಕೆಲಸ?”

ಹೇಳುವುದು ನನ್ನ ಕರ್ತವ್ಯ. ಹೇಳಿದರೆ ಆಗುವುದೇನೆಂದೂ ಗೊತ್ತಿತ್ತು. ಮನೆಯ ಯಜಮಾನನೇ ತನ್ನ ತಂದೆಯ ಮುದ್ರೆಯಡಿ ಕೊಂಡವರಿಗೆ ಮೋಸ ಮಾಡಿದ ಎಂದ ಮೇಲೆ ಈ ಕೋಣೆಯ ಗಡಿಯಾರಗಳೆಲ್ಲ ಇವತ್ತೇ ಕಳಚಿ ಮೇಜಿಗೆ ಬೀಳುತ್ತವೆ, ಮನೆ ಬಾಗಿಲು ಮುಚ್ಚುತ್ತದೆ. ಯಜಮಾನರು ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದರು. ಪಾಪ, ಹೇಳಲೆಂದೇ ತೆರೆದರೆಂದು ನನ್ನ ನಂಬಿಕೆ.

“ನಂದು,” ಎಂದರು ಅಕ್ಕ.

“ಏನಂದ್ರಿ?”

“ನನ್ನ ಕೆಲಸವೇ. ಕಣ್ಣು ಮಂಜಾಗಿತ್ತು, ಕೈ ಜಾರ್ತು. ಒಪ್ಕೊಳ್ಳೋಕೆ ನಾಚಿಕೆ ಆಗಿ ಇಷ್ಟು ದಿನ ಅಲ್ಲ ಅಂದೆ. ತಪ್ಪು ನನ್ನದು, ಮನೇದಲ್ಲ.”

ಈಗಷ್ಟೇ ಇಲ್ಲದ ಒಂದು ಗೀರಿಗೆ ಬೆಂಕಿಯಾದ ಹೆಂಗಸು, ಊರೆದುರು ಆ ದುಂಡು ಮೂಲೆಯನ್ನು ತನ್ನದೆಂದು ತಲೆಯ ಮೇಲೆ ಹೊತ್ತುಕೊಂಡರು. ತಮ್ಮ “ಅಕ್ಕಾ” ಎಂದದ್ದು ನನಗೊಬ್ಬಳಿಗೇ ಕೇಳಿಸಿರಬೇಕು.

ಕೇಸು ಮುಗಿಯಿತು ಎಂದುಕೊಂಡೆ. ಭೂತಗನ್ನಡಿ ಮಾತ್ರ ಅಲ್ಲಾಡಲಿಲ್ಲ.

“ನಾನು ನಂಬಲ್ಲ,” ಎಂದರು.

“ನಾನೇ ಹೇಳ್ತಿದ್ದೀನಲ್ಲ ಸ್ವಾಮಿ?”

“ನೀವು ಹೇಳಿದ್ರೂ ನಂಬಲ್ಲ ಅಮ್ಮಾ. ನಿಮ್ಮ ಕೈ ನಂಗೆ ಗೊತ್ತು. ನೀವು ಮುಗಿಸಿದ ಹಳೇ ಗಡಿಯಾರಗಳು ನನ್ನ ಹತ್ರ ಇವೆ. ಮನಸ್ಸು ಕೆಟ್ಟಾಗೆಲ್ಲ ತೆಗೆದು ಮೂಲೆ ನೋಡ್ತೀನಿ. ನಿಮ್ಮ ಕಣ್ಣು ಮಂಜಾದ್ರೂ ನಿಮ್ಮ ಕೈ ಹೀಗೆ ಮಾಡಲ್ಲ.” ಅವರು ಮೇಜಿನ ಮೇಲಿದ್ದ, ಅಂಚು ಬಾಕಿಯಿದ್ದ ಒಂದು ಬ್ರಿಡ್ಜ್ ತೋರಿಸಿದರು. “ನೀವೇ ಮಾಡಿದ್ದು ಅನ್ನೋದಾದ್ರೆ ಇಂಥದೇ ಇನ್ನೊಂದು ಮೂಲೆ ಮಾಡಿ ತೋರಿಸಿ. ಇಲ್ಲೇ, ನಮ್ಮೆದುರು. ಹೀಗೇ ದುಂಡಗೆ ಬಂದ್ರೆ ನಿಮ್ಮ ಕಾಲು ಹಿಡಿದು ಕ್ಷಮೆ ಕೇಳಿ, ಈ ಗಡಿಯಾರ ಕಟ್ಕೊಂಡು ಹೋಗ್ತೀನಿ. ಬರದಿದ್ರೆ, ಯಾರು ಮಾಡಿದ್ದು ಅಂತ ಯಜಮಾನರು ಹೇಳ್ಲಿ.”

ಬಳಗದವರು ಮೇಜಿನ ಸುತ್ತ ನೆರೆದರು. ಕೆಡಿಸಿದರೆ ಅಕ್ಕನ ಹೆಸರು ಹೋಗುತ್ತದೆ, ಕೆಡಿಸದಿದ್ದರೆ ತಮ್ಮನದು.

ಅಕ್ಕ ಕೂತರು. ಬ್ರಿಡ್ಜನ್ನು ಪುಟ್ಟ ಇಕ್ಕಳಕ್ಕೆ ಸಿಕ್ಕಿಸಿ, ಕನ್ನಡಕದ ಮೇಲೆ ಲೆನ್ಸ್ ಇಳಿಸಿ, ಎಲ್ಲಕ್ಕಿಂತ ಸಣ್ಣ ಅರ ಎತ್ತಿಕೊಂಡರು. ಕೆಟ್ಟದಾಗಿ ಮಾಡುವುದೇನು ಮಹಾ, ಯಾರಿಗಾದರೂ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅರ ಅಂಚಿನ ಮೇಲೆ ಒಂದು ಕಡೆಯಿಂದ ಹರಿದು ಬಂತು, ಇನ್ನೊಂದು ಕಡೆಯಿಂದ ಹರಿದು ಬಂತು. ಒಳಮೂಲೆಯ ಬಳಿ ನಿಂತಿತು. ಅಲ್ಲೇ ಸುಮ್ಮನೆ ಒಂದು ಸುತ್ತು ತಿರುಗಿಸಿದ್ದರೆ ಸಾಕಿತ್ತು, ಮೂಲೆ ದುಂಡಗಾಗುತ್ತಿತ್ತು.

ಅರದ ತುದಿ ಸ್ವಲ್ಪ ಓರೆಯಾಗಿ, ಮೂಲೆಯೊಳಕ್ಕೆ, ಇನ್ನೂ ಒಳಕ್ಕೆ ಇಳಿಯತೊಡಗಿತು. ಮೂಲೆ ಸೂಜಿಯ ಹಾಗೆ ಚೂಪಾಗುತ್ತಿತ್ತು. ಭೂತಗನ್ನಡಿ ಲೆನ್ಸ್ ಕಣ್ಣಿಗೇರಿಸಿ ಬಾಗಿದರು.

“ಪುಟ್ಟಾ,” ಎಂದರು ಅಕ್ಕ, ತಲೆಯೆತ್ತದೆ, ಬಹಳ ಮೆಲ್ಲಗೆ. “ಕೈ ನನ್ನ ಮಾತು ಕೇಳ್ತಿಲ್ಲ ಕಣೋ.”